ಹನಿ ಹಾಕ್ಸೀರೇನ್ರೀ ಕೂಸಿಗೆ?

ಪ್ರಿಯ ಕನ್ನಡ ಬಂಧುಗಳೇ,

ರಾಜ್ಯೋತ್ಸವದ ತಯಾರಿಯ ವಿವರ ಒಳಪುಟದಲ್ಲಿದೆ. ನಾನು ಇವತ್ತು ಬೇರೆ ವಿಷಯ ಹೇಳಬೇಕು. ಅಕ್ಟೋಬರ್ 24 ವಿಶ್ವ ಪೋಲಿಯೋ ದಿನ.

ಕೆಲವು ವರ್ಷಗಳ ಹಿಂದೆ ಅಮೆರಿಕದಿಂದ ಊರಿಗೆ ಹೋದಾಗ, ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಮೂರು ವರ್ಷದ ಮಗಳನ್ನು ಎತ್ತಿಕೊಂಡು ಓಡುತ್ತಿದ್ದೆ. ಹಳದಿ ಟೋಪಿಯ ಹಿರಿಯರೊಬ್ಬರು ಅಡ್ಡ ಬಂದರು. "ಹನಿ ಹಾಕ್ಸೀರೇನ್ರೀ ಕೂಸಿಗೆ?" ಬಸ್ಸು ಹೊರಡುತ್ತೆ ಅಂದೆ. "ನಿಂದರ್ತದ, ಡ್ರೈವರಗ ನಾ ಹೇಳ್ತೀನಿ ಬರ್ರಿ" ಅಂದವರೇ ಓಡಿ ಹೋಗಿ ಹೇಳಿಯೂ ಬಂದರು! ನರ್ಸಮ್ಮ ಐಸ್ ಡಬ್ಬಿಯಿಂದ ಪುಟ್ಟ ಶೀಶೆ ತೆಗೆದು ಎರಡು ಹನಿ ಬಿಟ್ಟರು, ಮಗಳು ಮುಖ ಕಿವುಚಿದಳು, ಎಡಗೈ ಕಿರುಬೆರಳಿಗೆ ಮಸಿ ಬಿತ್ತು. ಆ ಹಿರಿಯರು ರೋಟರಿ ಅನ್ನೋ ಸೇವಾ ಸಂಸ್ಥೆಯವರು, ಬ್ಯಾಂಕಿನಿಂದ ರಿಟೈರ್ ಆದವರು, ಬೆಳಿಗ್ಗೆ ಏಳರಿಂದ ಅಲ್ಲೇ ನಿಂತಿದ್ದರಂತೆ.

ರೋಟರಿ ಈ ಕೆಲಸಕ್ಕೆ ಕೈಹಾಕಿದ್ದು 1979ರಲ್ಲಿ, ಫಿಲಿಪ್ಪೀನ್ಸ್‌ನ ಮಕ್ಕಳಿಗೆ ಲಸಿಕೆ ಹಾಕಿಸುವ ಮೂಲಕ. 1985ರಲ್ಲಿ ಪೋಲಿಯೋಪ್ಲಸ್ ಅಂತ ಇಡೀ ಜಗತ್ತಿಗೇ ಆ ಕೆಲಸ ಹರಡಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎಲ್ಲ ಜೊತೆಗೂಡಿದಾಗ ವರ್ಷಕ್ಕೆ ಸುಮಾರು 3,50,000 ಮಂದಿ, ಅದರಲ್ಲೂ ಜಾಸ್ತಿ ಪುಟ್ಟ ಮಕ್ಕಳು, ಈ ರೋಗಕ್ಕೆ ಕೈಕಾಲಿನ ಬಲ ಕಳೆದುಕೊಳ್ಳುತ್ತಿದ್ದರು.

ದುಡ್ಡು ಕೂಡಿಸಿದ್ದು ದೊಡ್ಡದೇ. ಆದರೆ ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು ಮನೆಬಾಗಿಲಲ್ಲಿ ನಿಂತು ಮಾತಾಡಿದ್ದು. ಉತ್ತರ ಪ್ರದೇಶದಲ್ಲಿ ಹನಿ ಹಾಕಿಸಿದರೆ ಮುಂದೆ ಮಕ್ಕಳಾಗಲ್ಲ ಅನ್ನೋ ಗಾಳಿಸುದ್ದಿ ಹಬ್ಬಿ ಎಷ್ಟೋ ಮನೆಗಳವರು ಬಾಗಿಲು ಹಾಕಿಕೊಂಡಾಗ, ರೋಟರಿಯವರು ಅಲ್ಲಿನ ಮೌಲ್ವಿಗಳನ್ನೇ ಜೊತೆಗೆ ಕರೆದುಕೊಂಡು ಮತ್ತೆ ಮತ್ತೆ ಹೋದರು. ಹೆದರಿದ ತಾಯಿಗೆ ಬೈದರೆ ಬಾಗಿಲು ತೆರೆಯುತ್ತಾ? ತನ್ನವರು ಅನ್ನಿಸಿದವರು ಹೇಳಬೇಕು, ಅಲ್ವಾ? 2009ರಲ್ಲಿ ಭಾರತದಲ್ಲಿ 741 ಪ್ರಕರಣಗಳಿದ್ದವು, ಜಗತ್ತಿನಲ್ಲೇ ಅತಿ ಹೆಚ್ಚು. ಎರಡೇ ವರ್ಷಕ್ಕೆ, 2011ರ ಜನವರಿಯಲ್ಲಿ, ಹೌರಾದ ಪುಟ್ಟ ಹುಡುಗಿಯೊಬ್ಬಳದೇ ಕೊನೆಯದಾಯಿತು. 2014ರ ಮಾರ್ಚ್ 27ಕ್ಕೆ ಭಾರತ ಪೋಲಿಯೋಮುಕ್ತ ಅಂತ ಸರ್ಟಿಫಿಕೇಟೂ ಬಂತು.

ರೋಗ ಇನ್ನೂ ಪೂರ್ತಿ ಹೋಗಿಲ್ಲ. ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ಇದೆ. 2022ರಲ್ಲಿ ಇಲ್ಲೇ ಅಮೆರಿಕದಲ್ಲಿ, ನ್ಯೂಯಾರ್ಕ್ ರಾಜ್ಯದ ರಾಕ್‌ಲ್ಯಾಂಡ್ ಕೌಂಟಿಯಲ್ಲಿ, ಲಸಿಕೆ ಹಾಕಿಸಿಕೊಳ್ಳದ ಒಬ್ಬ ಯುವಕನಿಗೆ ಪೋಲಿಯೋ ಬಂದು ಕಾಲಿನ ಬಲ ಹೋಯಿತು.

ಅದಕ್ಕೇ ಕೇಳ್ತಿದ್ದೀನಿ, ಮಕ್ಕಳ ಲಸಿಕೆ ಕಾರ್ಡು ಒಮ್ಮೆ ತೆಗೆದು ನೋಡಿ. ಇಲ್ಲಿ ಹನಿ ಇಲ್ಲ, ಇಂಜೆಕ್ಷನ್, ಒಟ್ಟು 4 ಡೋಸು. ಕೊನೆಯದು 4ರಿಂದ 6 ವರ್ಷದೊಳಗೆ. ಊರಿಗೂ ಇಲ್ಲಿಗೂ ಓಡಾಡುವ ಗಡಿಬಿಡಿಯಲ್ಲಿ ಬಿಟ್ಟುಹೋಗೋದು ಹೆಚ್ಚಾಗಿ ಅದೇ. ಹಾಗೇ, ಪಲ್ಸ್ ಪೋಲಿಯೋ ಭಾನುವಾರ ನೀವು ಊರಲ್ಲಿದ್ದು ಮಗುವಿಗೆ ಇನ್ನೂ ಐದು ತುಂಬಿಲ್ಲ ಅಂದರೆ, ಬಸ್ಸಿಗೆ ತಡವಾದರೂ ಸರಿ, ಆ ಹಳದಿ ಟೋಪಿಯವರು ಕರೆದಾಗ ಎರಡು ನಿಮಿಷ ನಿಲ್ಲಿ.