ಜಮಖಾನ ಮಡಚಿಡಬೇಡ

ಮಗಳೇ,

ಮನೆಯಲ್ಲಿ ನಮ್ಮದು ಉರ್ದು, ನಿನ್ನ ಶಾಲೆಯಲ್ಲಿ ಇಂಗ್ಲಿಷ್. ಆದರೆ ನಾನು ಕಲಿತದ್ದು ನವಲಗುಂದದ ಕನ್ನಡ ಶಾಲೆಯಲ್ಲಿ. ಮನಸ್ಸಿನದ್ದು ಬರೆಯೋಕೆ ಕೂತರೆ ಕೈಗೆ ಬರೋದು ಇವೇ ಅಕ್ಷರ. ಓದೋಕೆ ನಿನಗೆ ಅರ್ಧ ತಾಸು ಹಿಡಿದೀತು. ಹಿಡಿಯಲಿ.

ಮೊನ್ನೆ ನೀನು ದಾದಿ, ಅಂದರೆ ನನ್ನ ಅಮ್ಮ, ನೇಯ್ದ ಜಮಖಾನ ಶಾಲೆಗೆ ಒಯ್ದಿದ್ದೆ. ಮೂಲ ಊರಿನದೊಂದು ವಸ್ತು ತನ್ನಿ ಅಂದಿದ್ದರಂತೆ. ನಡುವೆ ಪಗಡೆ ಹಾಸು, ಸುತ್ತ ನವಿಲು. ಕಣ್ಣು ಮಂಜಾದ ಮೇಲೂ ಮಗ್ಗದ ಮುಂದೆ ಕೂತು ನಿನಗಂತಲೇ ನೇಯ್ದದ್ದು. ಹುಡುಗನೊಬ್ಬ, "ಇದು ಹಾರುತ್ತಾ? ಹಾರಿ ಯಾವ ಕಟ್ಟಡಕ್ಕೆ ಗುದ್ದುತ್ತೆ?" ಅಂದನಂತೆ. ಎಲ್ಲರೂ ನಕ್ಕರು. ಟೀಚರ್ ಕಂಪ್ಯೂಟರ್ ಕಡೆ ತಿರುಗಿಕೊಂಡರು. ನೀನೂ ನಕ್ಕೆ. ಅದನ್ನು ಹೇಳುವಾಗಲೇ ನಿನಗೆ ಗಂಟಲು ಕಟ್ಟಿದ್ದು.

ಆಗ ನಾನೇನಂದೆ? "ಬಿಡವಾ, ಹುಡುಗರು ಏನೋ ಅಂತಾವೆ." ಆ ಮಾತು ವಾಪಸ್ ತಗೋತೀನಿ. ಅಮೆರಿಕಕ್ಕೆ ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲೆ ಬಂದೋರು ಗದ್ದಲ ಮಾಡಬಾರದು ಅನ್ನೋ ಲೆಕ್ಕ ಅದು. ಇಲ್ಲೇ ಕಾಯಂ ಇರೋಕೆ ಬೇಕಾದ ಗ್ರೀನ್ ಕಾರ್ಡಿಗೆ ನಮ್ಮ ದೇಶದವರ ಸಾಲು ಎಷ್ಟುದ್ದ ಇದೆ ಅಂತ ನಿನಗೂ ಗೊತ್ತು. 21 ತುಂಬಿದರೆ ನೀನು ನನ್ನ ಅರ್ಜಿಯಿಂದಲೇ ಹೊರಗೆ ಬೀಳಬಹುದು. ಅಂಜಿಕೆ ನಂದು. ನಿನ್ನ ಹೆಗಲಿಗೆ ಹೇರಿದ್ದು ತಪ್ಪಾಯಿತು.

ನಮ್ಮ ಇದೇ ಓಹಾಯೋದಲ್ಲಿ 2019ರ ಅಕ್ಟೋಬರ್‌ನಲ್ಲಿ 16ರ ಹುಡುಗಿಯೊಬ್ಬಳು ಹಿಜಾಬ್ ತೊಟ್ಟು ಕ್ರಾಸ್ ಕಂಟ್ರಿ ಓಡಿದಳು. ಓಟ ಮುಗಿದ ಮೇಲೆ ಗೊತ್ತಾಯಿತು: ಹಿಜಾಬಿಗೆ ಮೊದಲೇ ಅನುಮತಿ ತಂದಿಲ್ಲ, ಆದ್ದರಿಂದ ಅವಳ ಓಟ ಲೆಕ್ಕಕ್ಕಿಲ್ಲ. ಅವಳು ಸುಮ್ಮನಿರಲಿಲ್ಲ. 2022ರಲ್ಲಿ, ಅಂಥ ಅನುಮತಿ ಕೇಳಕೂಡದು ಅಂತ ಇಲ್ಲಿ ಕಾನೂನೇ ಆಯಿತು. ನೀನೂ ಹಾಗೇ ಹೋರಾಡು ಅಂತ ಹೇಳ್ತಿಲ್ಲ. ಹದಿನಾಲ್ಕನೇ ವಯಸ್ಸಿಗೆ ಇಡೀ ಒಂದು ಧರ್ಮದ ಪರವಾಗಿ ದಿನಾ ಉತ್ತರ ಕೊಡೋದು ನಿನ್ನ ಕೆಲಸ ಅಲ್ಲ; ನಿನ್ನ ಕೆಲಸ ಆಲ್ಜಿಬ್ರಾ, ಅದೂ ಅಷ್ಟಕ್ಕಷ್ಟೇ. ದೂರು ಬರೆಯೋದು ನನ್ನ ಕೆಲಸ.

ಬರೆದಿದ್ದೀನಿ. ಪ್ರಿನ್ಸಿಪಾಲರಿಗೆ ಒಂದು ಪುಟ, ಹುಡುಗನಿಗಿಂತ ಮುಖ ತಿರುಗಿಸಿದ ಟೀಚರ್ ಬಗ್ಗೆಯೇ ಹೆಚ್ಚು. ಊಟದ ಟೇಬಲ್ ಮೇಲಿದೆ, ಇಂಗ್ಲಿಷ್ ತಿದ್ದಿಕೊಡು. ಕಳಿಸೋದು ಬೇಡ ಅನಿಸಿದರೆ ಅದನ್ನೂ ಹೇಳು. ನಿನ್ನನ್ನು ಕೇಳದೆ ಕಳಿಸೋಲ್ಲ.

ಜಮಖಾನ ಕಪಾಟಿನ ಹಿಂದೆ ತುರುಕಿದ್ದೀಯ, ನೋಡಿದೆ. ಮಡಚಿದರೆ ಗೆರೆ ಬೀಳುತ್ತೆ, ಸುತ್ತಿಡು. ಶುಕ್ರವಾರ ವಿಡಿಯೋ ಕಾಲ್‌ನಲ್ಲಿ ದಾದಿ ಕೇಳೇ ಕೇಳ್ತಾಳೆ, ನವಿಲು ತೋರಿಸು ಅಂತ.

ನಿನ್ನ ಅಬ್ಬಾ