ಮುತ್ತಜ್ಜನ ಹೆಸರಿನಲ್ಲಿ ಐರಿಷ್ ಪೌರತ್ವ ಸಿಗುವುದಿಲ್ಲ

ಮಾನ್ಯ ಸಂಪಾದಕರೇ,

ವಂಶಮೂಲದ ಆಧಾರದ ಮೇಲೆ ಐರ್ಲೆಂಡಿನ ಪೌರತ್ವ ಪಡೆಯುವ ಬಗ್ಗೆ ಕಳೆದ ವಾರ ನಿಮ್ಮ ಪುರವಣಿಯಲ್ಲಿ ಬಂದ ಬರಹವು, ಹಿರಿಯರಲ್ಲಿ ಯಾರಾದರೊಬ್ಬರು ಐರಿಷ್ ಆಗಿದ್ದರೆ ಸಾಕು ಎಂಬ ಅರ್ಥ ಬರುವಂತಿದೆ. ಮೂವತ್ತೊಂದು ವರ್ಷ ಜನನ-ಮರಣ ದಾಖಲೆಗಳ ನಡುವೆಯೇ ಕೆಲಸ ಮಾಡಿ ನಿವೃತ್ತನಾದ ನಾನು ಅದನ್ನು ಓದಿ ಸುಮ್ಮನಿರಲಾರದೆ ಈ ಪತ್ರ ಬರೆಯುತ್ತಿದ್ದೇನೆ. ಇದೇ ಮಾತನ್ನು ನಂಬಿ ನನ್ನ ನೆರೆಮನೆಯವರು ಏಜೆಂಟರೊಬ್ಬರಿಗೆ ನಲವತ್ತು ಸಾವಿರ ರೂಪಾಯಿ ಕಟ್ಟಿ ಕೂತಿದ್ದಾರೆ.

ನಿಯಮ ಇಷ್ಟು. ಐರ್ಲೆಂಡ್ ದ್ವೀಪದಲ್ಲಿ ಹುಟ್ಟಿದ ಐರಿಷ್ ಪ್ರಜೆಯ ಮಕ್ಕಳು ಜಗತ್ತಿನ ಯಾವ ಮೂಲೆಯಲ್ಲಿ ಹುಟ್ಟಿದರೂ ಹುಟ್ಟಿನಿಂದಲೇ ಐರಿಷ್ ಪ್ರಜೆಗಳು. ಮೊಮ್ಮಕ್ಕಳಿಗೆ ಆ ಹಕ್ಕು ತಾನಾಗಿ ಬರುವುದಿಲ್ಲ. ಅಲ್ಲಿನ ವಿದೇಶಾಂಗ ಇಲಾಖೆಯ ವಿದೇಶಿ ಜನನ ನೋಂದಣಿ ಪುಸ್ತಕದಲ್ಲಿ ಅವರು ಹೆಸರು ಬರೆಸಬೇಕು, ಬರೆಸಿದ ದಿನದಿಂದಷ್ಟೇ ಅವರು ಪ್ರಜೆಗಳು. ಮರಿಮಕ್ಕಳ ವಿಷಯಕ್ಕೆ ಬಂದರೆ, ಅವರು ಹುಟ್ಟುವುದಕ್ಕೆ ಮೊದಲೇ ಅವರ ತಂದೆಯೋ ತಾಯಿಯೋ ಆ ಪುಸ್ತಕದಲ್ಲಿ ದಾಖಲಾಗಿರಬೇಕು. ನೆರೆಮನೆಯವರು ಆಂಗ್ಲೋ-ಇಂಡಿಯನ್, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರು. ಅವರ ತಾತ ಹುಟ್ಟಿದ್ದು ಐರ್ಲೆಂಡಿನ ಕಾರ್ಕ್‌ನಲ್ಲಿ. ಹಾಗಾಗಿ ಅರ್ಹತೆ ಇದ್ದದ್ದು ಅವರಿಗೆ. ಅರ್ಜಿ ಹಾಕಿಸಹೊರಟದ್ದು ಮಾತ್ರ ಮೂವತ್ತು ವರ್ಷದ ಮಗಳ ಹೆಸರಿನಲ್ಲಿ. ಅಪ್ಪ ಇಂದು ನೋಂದಾಯಿಸಿಕೊಂಡರೂ ಈಗಾಗಲೇ ಹುಟ್ಟಿರುವ ಮಗಳಿಗೆ ಅದರಿಂದ ಏನೂ ದಕ್ಕುವುದಿಲ್ಲ. ಏಜೆಂಟರು ಹಣ ಎಣಿಸಿಕೊಳ್ಳುವಾಗ ಕೇಳಬೇಕಾಗಿದ್ದ ಮೊದಲ ಪ್ರಶ್ನೆಯೇ ಇದು.

ಐರಿಷ್ ಸಂಬಂಧವಿರುವವರಿಗೆ ಅಲ್ಲಿನ ನ್ಯಾಯ ಸಚಿವರು ಪೌರತ್ವದ ಷರತ್ತುಗಳನ್ನು ಸಡಿಲಿಸಲು ಅವಕಾಶವಿರುವುದು ನಿಜ. ಅದು ಪೂರ್ತಿ ಸಚಿವರ ವಿವೇಚನೆಗೆ ಬಿಟ್ಟದ್ದು. ಮೈಸೂರಿನಲ್ಲಿ ಕೂತು ಅದಕ್ಕೆ ಯಾರೂ ಭರವಸೆ ಕೊಡುವಂತಿಲ್ಲ.

1922ರ ಬೆಂಕಿಯಲ್ಲಿ ಐರ್ಲೆಂಡಿನ ದಾಖಲೆಗಳೆಲ್ಲ ಸುಟ್ಟುಹೋಗಿರುವುದರಿಂದ ಹುಡುಕಾಟಕ್ಕೆ ಬೇರೆ ಹಣ ಬೇಕೆಂದೂ ಏಜೆಂಟರು ಹೇಳಿದ್ದರು. ಆ ವರ್ಷ ಡಬ್ಲಿನ್‌ನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯದ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆ ಕಚೇರಿ ಸುಟ್ಟದ್ದು ಹೌದು. ಹಳೆಯ ಜನಗಣತಿಗಳೂ ಅನೇಕ ಪ್ರೊಟೆಸ್ಟಂಟ್ ಚರ್ಚ್ ಪುಸ್ತಕಗಳೂ ಅದರಲ್ಲಿ ಹೋದವು. ಆದರೆ 1864ರಿಂದ ಶುರುವಾದ ಸರ್ಕಾರಿ ಜನನ ನೋಂದಣಿ ಪುಸ್ತಕಗಳು ಅಲ್ಲಿರಲಿಲ್ಲ, ಹಾಗಾಗಿ ಉಳಿದವು. ನೂರು ವರ್ಷ ದಾಟಿದ ಜನನಗಳ ಪುಟಗಳನ್ನು ಐರ್ಲೆಂಡ್ ಸರ್ಕಾರವೇ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಒಂದು ಭಾನುವಾರ ನಾನೂ ಆ ಹುಡುಗಿಯೂ ಕೂತು ಹುಡುಕಿದೆವು. ಕಾಫಿ ಆರುವಷ್ಟರಲ್ಲಿ ಆಕೆಯ ಮುತ್ತಜ್ಜನ ಪುಟ ಸಿಕ್ಕಿತು. ಮಗುವಿನ ತಾಯಿಗೆ ಸಹಿ ಬರುತ್ತಿರಲಿಲ್ಲವೆಂದು ಕಾಣುತ್ತದೆ, ಹೆಸರಿನ ಜಾಗದಲ್ಲಿ ಒಂದು ಗುಣಾಕಾರದ ಗುರುತು ಹಾಕಿದ್ದಾಳೆ. ನಮ್ಮ ಹಳೆಯ ಪುಸ್ತಕಗಳ ಹೆಬ್ಬೆಟ್ಟಿನ ಗುರುತುಗಳು ನನಗೆ ನೆನಪಾದವು.

ನಿಜವಾದ ತೊಡಕು ಕಂಡದ್ದು ಅಲ್ಲೇ. ಆ ಪುಟದಲ್ಲಿ ಮನೆತನದ ಹೆಸರಿನ ಮೊದಲಿಗೆ, ಐರಿಷ್ ಹೆಸರುಗಳಲ್ಲಿ ಬರುವ 'ಓ' ಇದೆ. ಮನೆಯ ಟ್ರಂಕಿನಲ್ಲಿರುವ ಪಿಂಚಣಿ ಕಾಗದದಲ್ಲೂ, ಪೋದನೂರಿನಲ್ಲಿ ಹುಟ್ಟಿದ, ನೆರೆಮನೆಯವರ ತಂದೆಯ ದೀಕ್ಷಾಸ್ನಾನದ ಚೀಟಿಯಲ್ಲೂ ಅದು ಇಲ್ಲ. ಐರ್ಲೆಂಡಿನವರು ಕೇಳುವುದು ಮೂರು ತಲೆಮಾರಿನ ಸರ್ಕಾರಿ ಜನನ ಮತ್ತು ವಿವಾಹ ಪ್ರಮಾಣಪತ್ರಗಳ ಕೊಂಡಿ. ಆ ತಂದೆಯ ಸರ್ಕಾರಿ ಜನನ ಪತ್ರ ಎಲ್ಲೂ ಇಲ್ಲ. ನಮ್ಮಲ್ಲಿ ಹಳೆಯ ತಲೆಮಾರಿನ ಜನನಗಳೆಷ್ಟೋ ಪುಸ್ತಕಕ್ಕೆ ಏರದೆಯೇ ಹೋದವು ಎಂಬುದು ಈ ಕೆಲಸ ಮಾಡಿದ ಯಾರಿಗೂ ಹೊಸದಲ್ಲ.

ಇನ್ನು ನಿಮ್ಮ ಬರಹ ಪೂರ್ತಿ ಬಿಟ್ಟಿರುವ, ನನ್ನ ಪಾಲಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಈಗ ಹೆಸರು ಬರೆಸಿಡೋಣ, ಪಾಸ್‌ಪೋರ್ಟ್ ವಿಚಾರ ಆಮೇಲೆ ನೋಡಿದರಾಯಿತು ಎಂದು ಹಲವರು ಭಾವಿಸುತ್ತಾರೆ. ಐರ್ಲೆಂಡಿಗೆ ಇಮ್ಮಡಿ ಪೌರತ್ವದ ತಕರಾರಿಲ್ಲ, ನಮ್ಮ ಕಾನೂನಿಗೆ ಇದೆ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ನೋಂದಣಿಯ ಮೂಲಕವೇ ಆಗಲಿ, ಬೇರೆ ರೀತಿಯಲ್ಲೇ ಆಗಲಿ, ಸ್ವಇಚ್ಛೆಯಿಂದ ಇನ್ನೊಂದು ದೇಶದ ಪೌರತ್ವ ಪಡೆದವರು ಭಾರತದ ಪ್ರಜೆಗಳಾಗಿ ಉಳಿಯುವುದಿಲ್ಲ. ಅಂದರೆ ಡಬ್ಲಿನ್‌ನ ಪುಸ್ತಕದಲ್ಲಿ ಮೊಮ್ಮಗನ ಹೆಸರು ಏರಿದ ದಿನವೇ, ಕೈಗೆ ಐರಿಷ್ ಪಾಸ್‌ಪೋರ್ಟ್ ಬಾರದಿದ್ದರೂ, ಇಲ್ಲಿನ ಪೌರತ್ವ ಹೋಗುತ್ತದೆ. ಬಳಿಕ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್‌ಗೆ ಅರ್ಜಿ ಹಾಕಬಹುದು. ಆ ಕಾರ್ಡಿನಲ್ಲಿ ಮತದಾನವಿಲ್ಲ, ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ. ನಿವೃತ್ತಿಯ ಹಣದಲ್ಲಿ ಶ್ರೀರಂಗಪಟ್ಟಣದ ಕಡೆ ಅರ್ಧ ಎಕರೆ ತೆಂಗಿನ ತೋಟ ಕೊಳ್ಳುವ ಆಸೆಯಿದ್ದ ನೆರೆಮನೆಯವರು ಇದನ್ನು ಕೇಳಿ, ತಮ್ಮ ಹೆಸರಿನಲ್ಲಾದರೂ ಅರ್ಜಿ ಹಾಕೋಣವೆಂದು ತುಂಬಿಟ್ಟಿದ್ದ ನಮೂನೆಯನ್ನು ಮಡಿಸಿ ಟ್ರಂಕಿಗೇ ಹಾಕಿದರು. ವಯಸ್ಕರಿಗೆ 278 ಯೂರೋ ಶುಲ್ಕವನ್ನು ಇನ್ನೂ ಕಟ್ಟಿರಲಿಲ್ಲ ಎಂಬುದಷ್ಟೇ ಸಮಾಧಾನ.

ಏಜೆಂಟರಿಗೆ ಕೊಟ್ಟ ಹಣವನ್ನು ಅವರು ವಾಪಸು ಕೇಳಿದ್ದಾರೆ. ಪರಿಶೀಲನಾ ಶುಲ್ಕ ಮರಳಿಸುವ ಪದ್ಧತಿಯಿಲ್ಲ ಎಂದು ಉತ್ತರ ಬಂದಿದೆ. ಮರಿಮಕ್ಕಳ ನಿಯಮವನ್ನೂ ಭಾರತೀಯ ಪೌರತ್ವ ಹೋಗುವ ಸಂಗತಿಯನ್ನೂ ತಿಳಿಸುವ ತಿದ್ದುಪಡಿಯನ್ನು, ಮೊದಲ ಬರಹ ಬಂದ ಪುಟದಲ್ಲೇ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ದಾಖಲೆ ಗುಮಾಸ್ತ, ಯಾದವಗಿರಿ, ಮೈಸೂರು