ಬೀದಿನಾಯಿಗಳ ಔಷಧಿ ಖರ್ಚು ಕೆಲವರ ಹೆಗಲಿಗೇ ಏಕೆ?

ಮಾನ್ಯರೇ,

ಕಜ್ಜಿ ಹತ್ತಿ ಮೈಮೇಲಿನ ಕೂದಲೆಲ್ಲ ಉದುರಿದ ನಾಯಿ ಕಂಡರೆ ನಾವು ದೂರ ಸರಿಯುತ್ತೇವೆ. ಅದನ್ನೇ ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಎದೆಗವಚಿಕೊಂಡು ಪಶುವೈದ್ಯರ ಹತ್ತಿರ ಒಯ್ಯುವವರೂ ಇದ್ದಾರೆ. ಖರ್ಚು ಅವರ ಜೇಬಿನದೇ. ಕಜ್ಜಿ ಬರುವುದು ಕಣ್ಣಿಗೆ ಕಾಣದ ಹುಳುಗಳಿಂದ. ಒಂದು ಸಲ ಔಷಧಿ ಕೊಟ್ಟರೆ ಸಾಲದು, ವಾರಗಟ್ಟಲೆ ಮುಂದುವರಿಸಬೇಕು. ಪಾರ್ವೊ ಎಂಬ ವಾಂತಿ-ಭೇದಿಯ ವೈರಸ್ ರೋಗ ತಗುಲಿದ ಮರಿಗಾದರೆ ದಿನಗಟ್ಟಲೆ ಡ್ರಿಪ್ ಹಾಕಬೇಕು, ರಾತ್ರಿಯೂ ಯಾರಾದರೂ ಪಕ್ಕದಲ್ಲಿರಬೇಕು. ಇಷ್ಟೆಲ್ಲ ಮಾಡಿಯೂ ಕೆಲವು ಉಳಿಯುವುದಿಲ್ಲ. ಬಿಲ್ ಮಾತ್ರ ಕಟ್ಟಲೇಬೇಕು, ಅಲ್ವಾ?

ಇದನ್ನು ಸುಮ್ನೆ ಹವ್ಯಾಸ ಎಂದುಕೊಳ್ಳುವುದು ತಪ್ಪು. ಅವರು ಹಾಕಿಸುವ ರೇಬಿಸ್ ಲಸಿಕೆ ನಮ್ಮ ಮಕ್ಕಳನ್ನೂ ಕಾಯುತ್ತದೆ.

ಗಾಯದ ಫೋಟೊ ನೋಡಿದ ದಿನ ತುಂಬಾ ಜನ ದುಡ್ಡು ಕೊಡುತ್ತಾರೆ. ತಿಂಗಳ ನಂತರದ ಇಂಜೆಕ್ಷನ್ನಿಗೆ ಯಾರೂ ಇರುವುದಿಲ್ಲ. ಅದರ ಬದಲು ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ, ನೇರವಾಗಿ ಆಸ್ಪತ್ರೆಗೇ ಕಟ್ಟಿದರೆ ಲೆಕ್ಕವೂ ಚೊಕ್ಕ, ಅನುಮಾನವೂ ಇಲ್ಲ. ಪಶುವೈದ್ಯರು ಇಂಥ ನಾಯಿಗಳಿಗೆ ತಮ್ಮ ಫೀಸು ಬಿಟ್ಟರೆ, ಉಳಿದ ಆ ದುಡ್ಡಿನಲ್ಲಿ ಇನ್ನೊಂದು ಮರಿಗೆ ಲಸಿಕೆ ಹಾಕಿಸಬಹುದು.

– ಒಬ್ಬ ಓದುಗ